ಅಪ್ಪೆಮಿಡಿ ಮಾರಾಟ: ಲೇಬಲ್ ಮೇಲೆ ಏನು ಬರೀಬೇಕು, ರಿವ್ಯೂ ಹೇಗೆ ಕೇಳಬೇಕು?

ಸಾಗರದ ಮಿಡಿ: ಮನೆಯಲ್ಲೇ ಮಾಡಿದ ಅಪ್ಪೆಮಿಡಿ (ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಅರ್ಧ ಕೆಜಿ ಬಾಟಲಿ. ವಾಟ್ಸಾಪಲ್ಲಿ ಆರ್ಡರ್, ಕೊರಿಯರಲ್ಲಿ ರವಾನೆ. ಲೇಬಲ್ ಮೇಲೆ ‘ಅಜ್ಜಿಯ ಕೈರುಚಿ’ ಅಂತ ಹಾಕಿ, ಗೂಗಲ್‌ನಲ್ಲಿ ಐದು ಸ್ಟಾರ್ ಕೊಟ್ಟವರಿಗೆ ಮುಂದಿನ ಆರ್ಡರಿಗೆ 50 ರೂಪಾಯಿ ಬಿಡೋಣ ಅಂತಿದೆ. ಸರಿಯಾ?

ಹೊಸನಗರ ಕಡೆಯವ: ‘ಅಜ್ಜಿಯ ಕೈರುಚಿ’ ಬೇಡ ಮಾರಾಯ್ರೆ, ಎಲ್ಲ ಬಾಟಲಿ ಮೇಲೂ ಅದೇ ಇದೆ. ಮಿಡಿಯ ಕಥೆ ಹೇಳಿ. ಮರ ಹತ್ತಿ ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತೆ. ತೊಟ್ಟು ಮುರಿದರೆ ಸೊನೆ ಹೋಯ್ತು, ಪರಿಮಳ ಇರೋದೇ ಅದರಲ್ಲಿ. ಇಷ್ಟನ್ನು ನಾಲ್ಕು ಸಾಲಲ್ಲಿ ಬರೆದು, ತೊಟ್ಟು ಕಾಣೋ ಹಾಗೆ ಒಂದು ಫೋಟೊ ಹಾಕಿ. ಗಿರಾಕಿ ಮುಚ್ಚಳ ತೆಗೆದಾಗ ಅದೇ ತೊಟ್ಟು ಕಣ್ಣಿಗೆ ಬೀಳಬೇಕು.

ಶಿವಮೊಗ್ಗ ಲೇಬಲ್: ಪೂರ್ತಿ ಒಪ್ಪಲ್ಲ. ಬೆಂಗಳೂರಿಂದ ಮೊದಲ ಸಲ ತರಿಸೋರು ಕಥೆಗೆ ಮುಂಚೆ ‘ಸೋರಿತ್ತಾ’ ಅಂತ ರಿವ್ಯೂ ಹುಡುಕ್ತಾರೆ. ಕತ್ತಿನವರೆಗೆ ತುಂಬಬೇಡಿ, ಮುಚ್ಚಳದ ಒಳಗೆ ಸೀಲ್ ಹಾಕಿಸಿ, ಆಮೇಲೆ ಕಥೆ. ಇನ್ನು ಆ 50 ರೂಪಾಯಿ ಬಿಟ್ಟೇಬಿಡಿ. ರಿವ್ಯೂಗೆ ರಿಯಾಯಿತಿ ಕೊಡೋದು ಗೂಗಲ್ ನಿಯಮಕ್ಕೆ ವಿರುದ್ಧ. ರಿವ್ಯೂ ತೆಗೀತಾರೆ, ಕೆಲವು ಕಾಲ ಹೊಸದು ಬಾರದ ಹಾಗೆ ತಡೀತಾರೆ. ಖುಷಿಯಾದ ಗಿರಾಕಿಯನ್ನಷ್ಟೇ ಆರಿಸಿ ಕೇಳೋದೂ ತಪ್ಪು. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ರಿವ್ಯೂಗೆ ಅಂತಲೇ ಐಎಸ್ 19000 ಅನ್ನೋ ಮಾನದಂಡ ತಂದಿದೆ, ಅದನ್ನೂ ಒಮ್ಮೆ ನೋಡಿ.

ತೀರ್ಥಹಳ್ಳಿ ಪೇಟೆ: ಯಾವಾಗ ಕೇಳ್ತೀರಿ ಅನ್ನೋದೇ ಮುಖ್ಯ. ಪಾರ್ಸೆಲ್ ಮುಟ್ಟಿದ ದಿನ ಕೇಳಿದರೆ ‘ಪ್ಯಾಕಿಂಗ್ ಚೆನ್ನಾಗಿದೆ’ ಅಂತಾರೆ, ಅಷ್ಟೆ. ಎಂಟು ಹತ್ತು ದಿನ ಬಿಟ್ಟು, ನಾಲ್ಕಾರು ಊಟಕ್ಕೆ ಬಡಿಸಿಕೊಂಡ ಮೇಲೆ, ರಿವ್ಯೂ ಲಿಂಕ್ ಜೊತೆ ಒಂದೇ ಪ್ರಶ್ನೆ ಕಳಿಸಿ: ‘ಮಿಡಿ ಕಚ್ಚಿದರೆ ಕಟಕ್ ಅಂತಿತ್ತಾ, ಮೆತ್ತಗಾಗಿತ್ತಾ?’ ಆಗ ಬರೋ ಉತ್ತರ ‘ಸೂಪರ್’ ಅನ್ನೋ ಇಪ್ಪತ್ತು ರಿವ್ಯೂಗಿಂತ ಹೆಚ್ಚು ಬಾಟಲಿ ಮಾರುತ್ತೆ. ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕೋದಾದರೆ ಅವರನ್ನು ಕೇಳಿ, ಹೆಸರು ನಂಬರ್ ಮುಚ್ಚಿ ಹಾಕಿ.

ಸಾಗರದ ಮಿಡಿ: ‘ಉಪ್ಪು ಜಾಸ್ತಿ’ ಅಂತ ಎರಡು ಸ್ಟಾರ್ ಬಂದರೆ? ತೆಗೆಸೋಕಾಗುತ್ತಾ?

ಶಿವಮೊಗ್ಗ ಲೇಬಲ್: ಅದು ಅವರ ಅಭಿಪ್ರಾಯ, ಗೂಗಲ್ ತೆಗೆಯಲ್ಲ. ಒಂದೆರಡು ದಿನದೊಳಗೆ ಉತ್ತರ ಬರೀರಿ: ‘ಮಿಡಿ ಸುಕ್ಕುಗಟ್ಟುವವರೆಗೆ ಉಪ್ಪಲ್ಲಿರುತ್ತೆ. ಎಣ್ಣೆಯಿಲ್ಲದೆ ಕೆಡದೆ ಉಳಿಯೋದು ಅದರಿಂದಲೇ.’ ವಾದ ಬೇಡ. ಆ ಉತ್ತರ ಓದೋದು ಮುಂದಿನ ಗಿರಾಕಿ.

ಹೊಸನಗರ ಕಡೆಯವ: ಅದೇ ದೂರು ಮೂರು ಸಲ ಬಂದರೆ ಉತ್ತರ ಸಾಲದು. ‘ಉಪ್ಪು ಮುಂದಿರುತ್ತೆ, ಮೊಸರನ್ನಕ್ಕೆ ಒಂದು ಮಿಡಿ ಸಾಕು’ ಅಂತ ಲೇಬಲ್ಲಿಗೇ ಹಾಕಿ. ರಿವ್ಯೂಯಿಂದ ಕಥೆ ತಿದ್ದಿಕೊಳ್ಳೋದು ಅಂದರೆ ಇದೇ.

ತೀರ್ಥಹಳ್ಳಿ ಪೇಟೆ: ‘ಶುಗರ್ ಕಡಿಮೆಯಾಯ್ತು’ ಅಂತ ಯಾರೋ ರಿವ್ಯೂ ಬರೆದರೆ ಅದನ್ನು ಪೋಸ್ಟರ್ ಮಾಡಬೇಡಿ. ಗಿರಾಕಿ ಮಾತಾದರೂ ನೀವು ಅಚ್ಚು ಹಾಕಿಸಿದ ಮೇಲೆ ಅದು ನಿಮ್ಮ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಅಪ್ಪೆಮಿಡಿಗೆ ಜಿಐ (ಇಂಥ ಊರಿನ ವಿಶೇಷ ಅಂತ ಸರ್ಕಾರ ಕೊಡೋ ಭೌಗೋಳಿಕ ಗುರುತು) ಸಿಕ್ಕಿದೆ ನಿಜ, ಆದರೆ ಆ ಗುರುತು ಹಾಕೋಕೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿರಬೇಕು.

ಹೊಸನಗರ ಕಡೆಯವ: ಇನ್ನೊಂದು. ‘ಜೀರಿಗೆ ಮಿಡಿ’ (ಜೀರಿಗೆ ಪರಿಮಳದ ಮಿಡಿ) ಅಂತ ಬರೆದರೆ ಆ ಭರಣಿಗೆ ಬೇರೆ ಮರದ್ದು ಬೆರೆಸಲೇಬೇಡಿ. ಭರಣಿಗೊಂದು ನಂಬರ್ ಕೊಟ್ಟು ಬಾಟಲಿ ಮೇಲೂ ಅದನ್ನೇ ಹಾಕಿ. ದೂರು ಬಂದಾಗ ಯಾವ ಮರದ ಮಿಡಿ ಮೆತ್ತಗಾಯ್ತು ಅಂತ ಗೊತ್ತಾಗುತ್ತೆ.