ಸಹಾಯ ಬೇಕು: ಯಕ್ಷಗಾನ ತಂಡದ ವಿದೇಶ ಪ್ರಯಾಣಕ್ಕೆ ಧನಸಹಾಯ

ಎಲ್ಲರಿಗೂ ನಮಸ್ಕಾರ. ನಾನು ಬ್ರಹ್ಮಾವರ ಕಡೆಯ ಒಂದು ಬಡಗುತಿಟ್ಟು (ಯಕ್ಷಗಾನದ ಬಡಗು ಶೈಲಿ) ತಂಡದಲ್ಲಿ ಮದ್ದಳೆ ಬಾರಿಸುತ್ತೇನೆ. ಮಳೆಗಾಲದಲ್ಲಿ, ಮೇಳಗಳ ತಿರುಗಾಟ ಮುಗಿದ ಮೇಲೆ, ಜರ್ಮನಿಯಲ್ಲಿ ಆಟ ಆಡಲು ಆಹ್ವಾನ ಬಂದಿದೆ. ಊಟ, ವಸತಿ ಅವರದ್ದು. ವಿಮಾನದ ಟಿಕೆಟ್ ನಮ್ಮದು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಪ್ರಯಾಣಕ್ಕೆ ಸಹಾಯ ಪಡೆದವರು ಇಲ್ಲಿ ಇದ್ದೀರಾ? ಹಣ ಮೊದಲೇ ಕೊಡುತ್ತಾರಾ, ಹೋಗಿ ಬಂದು ಬಿಲ್ಲು ಕೊಟ್ಟ ಮೇಲಾ? ದೆಹಲಿಯ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು) ಕಲಾವಿದರ ಪಟ್ಟಿಯಲ್ಲಿ ನಮ್ಮ ತಂಡ ಇಲ್ಲ. ಪಟ್ಟಿಯ ಹೊರಗಿನವರು ಅಲ್ಲಿ ಕೇಳಬಹುದಾ?

ನನಗೆ ಜಾಸ್ತಿ ಚಿಂತೆ ಸಾಮಾನಿನದ್ದು. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಹಗುರ ಮರದವು. ಮಡಚಲು ಆಗುವುದಿಲ್ಲ, ಮೇಲೆ ಭಾರ ಬಿದ್ದರೆ ಮುರಿಯುತ್ತವೆ. ದೊಡ್ಡ ಪೆಟ್ಟಿಗೆಯೇ ಬೇಕು. ಹೆಚ್ಚುವರಿ ಲಗೇಜಿನ ಖರ್ಚನ್ನೂ ಅರ್ಜಿಯಲ್ಲಿ ತೋರಿಸಬಹುದಾ? ಚೆಂಡೆ, ಮದ್ದಳೆಯ ಮುಚ್ಚಿಗೆ ಚರ್ಮದ್ದು ಅಲ್ವಾ, ಕಸ್ಟಮ್ಸ್‌ನವರು ಕೇಳಿದರೆ ಯಾವ ಕಾಗದ ಕೊಡಬೇಕು?

ಖರ್ಚು ಉಳಿಸಲು ಹಿಮ್ಮೇಳದ (ಹಾಡು, ಚೆಂಡೆ, ಮದ್ದಳೆಯ) ರೆಕಾರ್ಡಿಂಗ್ ಒಯ್ಯಿರಿ ಎಂದು ಕೆಲವರು ಹೇಳಿದರು. ಅದು ನನಗೆ ಒಪ್ಪಿಗೆ ಇಲ್ಲ. ವೇಷಧಾರಿಯ ಹೆಜ್ಜೆ ನೋಡಿಯೇ ಹಾಡುವ ಭಾಗವತರು ಪದ ಎತ್ತುವುದು, ನಾವು ಪೆಟ್ಟು ಹಾಕುವುದು. ಹೋದರೆ ಪೂರ್ತಿ ತಂಡ ಹೋಗಬೇಕು.

ಮಂಜೂರಾದ ಹಳೆಯ ಅರ್ಜಿಯ ಪ್ರತಿ, ಅದರಲ್ಲೂ ಖರ್ಚಿನ ಪಟ್ಟಿ ಇದ್ದರೆ ದಯವಿಟ್ಟು ತೋರಿಸಿ. ಉಡುಪಿ, ಮಣಿಪಾಲ, ಮಂಗಳೂರು ಎಲ್ಲಿಗಾದರೂ ನಾನೇ ಬರುತ್ತೇನೆ.