ಬೇರೆ ಫೈಲ್ ಸಿಸ್ಟಂಗೆ ಸಾಗಿಸುವ ಟೂಲ್: ಟೆಸ್ಟ್‌ಗಳೆಲ್ಲ ಪಾಸಾದರೂ ಫೈಲ್ ಕಳೆದುಹೋಗಿದೆ

ಪ್ರಶ್ನೆ:
ನಮಸ್ಕಾರ. ಲಿನಕ್ಸ್‌ನ ‘ಎಂವಿ’ ಕಮಾಂಡಿನಂತೆ ಫೈಲುಗಳನ್ನು ಸಾಗಿಸುವ ಸಣ್ಣ ಟೂಲೊಂದನ್ನು ಬರೆದಿದ್ದೇನೆ. ಅದು ಮೊದಲು ರಿನೇಮ್ ಮಾಡಲು ನೋಡುತ್ತದೆ. ಆಗದಿದ್ದರೆ ಕಾಪಿ ಮಾಡಿ ಮೂಲವನ್ನು ಅಳಿಸುತ್ತದೆ. ಹೋಮ್ ಡೈರೆಕ್ಟರಿಯಿಂದ ಟೆಂಪ್ ಡೈರೆಕ್ಟರಿಗೆ ಸಾಗಿಸಿ ಹೋಲಿಸುವ ಟೆಸ್ಟ್‌ಗಳೆಲ್ಲವೂ ಪಾಸಾಗಿದ್ದವು. ಆದರೆ ನಿನ್ನೆ ಸುಮಾರು 5 ಜಿಬಿ ಗಾತ್ರದ ವಿಡಿಯೊವನ್ನು ಫ್ಯಾಟ್32 ಫೈಲ್ ಸಿಸ್ಟಂ ಇರುವ ಪೆನ್‌ಡ್ರೈವಿಗೆ ಸಾಗಿಸಿದಾಗ ಅಲ್ಲಿಗೆ 4 ಜಿಬಿಯಷ್ಟೇ ತಲುಪಿತು, ಮೂಲವೂ ಅಳಿಸಿಹೋಯಿತು. ಟೆಸ್ಟ್‌ಗಳ ಕಣ್ಣಿಗೆ ಇದು ಏಕೆ ಬೀಳಲಿಲ್ಲ?

ಉತ್ತರ:
ಮೂಲ ಫೈಲನ್ನೇ ಕಳೆದುಕೊಂಡಿರುವುದು ಬೇಸರದ ಸಂಗತಿ. ಆ ಪೆನ್‌ಡ್ರೈವ್ ಹಾಗೂ ಮೂಲ ಡಿಸ್ಕ್ ಎರಡಕ್ಕೂ ಸದ್ಯ ಏನನ್ನೂ ಬರೆಯಬೇಡಿ.

ಹೋಮ್ ಮತ್ತು ಟೆಂಪ್ ಎರಡರ ಮೇಲೂ ‘ಸ್ಟ್ಯಾಟ್’ ಕಮಾಂಡ್ ಓಡಿಸಿ, ಯಾವ ಫೈಲ್ ಸಿಸ್ಟಂ ಎಂದು ಗುರುತಿಸುವ ಡಿವೈಸ್ ಸಂಖ್ಯೆಯನ್ನು ನೋಡಿ. ಎರಡೂ ಒಂದೇ ಆಗಿದ್ದರೆ ನಿಮ್ಮ ಟೆಸ್ಟ್‌ಗಳಲ್ಲಿ ರಿನೇಮ್ ಒಂದೇ ಕೆಲಸ ಮುಗಿಸಿದೆ, ಕಾಪಿ ಮಾಡುವ ಕೋಡ್ ಒಮ್ಮೆಯೂ ಓಡಿಲ್ಲ ಎಂದರ್ಥ. ಕರ್ನಲ್ ‘ಎಕ್ಸ್‌ಡೆವ್’ (ಬೇರೆ ಫೈಲ್ ಸಿಸ್ಟಂಗೆ ರಿನೇಮ್ ಆಗದು ಎಂಬ) ದೋಷವನ್ನು ಹಿಂತಿರುಗಿಸಿದಾಗ ಮಾತ್ರ ಆ ಕೋಡ್‌ಗೆ ಸರದಿ ಬರುತ್ತದೆ. ಆದ್ದರಿಂದ ಫೈಲ್ ಸಿಸ್ಟಂನ ಗಡಿ ದಾಟಿದ್ದು ನಿಜವೇ ಎಂಬುದನ್ನು ಟೆಸ್ಟ್ ತಾನೇ ಮೊದಲು ಪರಿಶೀಲಿಸಬೇಕು. ದಾಟದಿದ್ದರೆ ‘ಪಾಸ್’ ಎನ್ನದೆ ‘ಸ್ಕಿಪ್’ ಎಂದು ಎದ್ದು ಕಾಣುವಂತೆ ತಿಳಿಸಬೇಕು.

ಸಾಮಾನ್ಯವಾಗಿ ‘/ಡೆವ್/ಎಸ್‌ಎಚ್‌ಎಂ’ ಟೆಂಪ್‌ಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಂ) ಆಗಿರುವುದರಿಂದ ಅದೇ ಸುಲಭವಾದ ಎರಡನೆಯ ಫೈಲ್ ಸಿಸ್ಟಂ. ಅದೂ ಇಲ್ಲದ ಕಡೆ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ಗಮನಿಸುವ ‘ಎಸ್‌ಟ್ರೇಸ್’ನ ಇಂಜೆಕ್ಟ್ ಸೌಲಭ್ಯದಿಂದ ರಿನೇಮ್ ಕರೆಗಳಿಗೆ ಎಕ್ಸ್‌ಡೆವ್ ದೋಷವನ್ನು ಬಲವಂತವಾಗಿ ಕೊಡಿಸಬಹುದು, ರಿನೇಮ್, ರಿನೇಮ್‌ಆಟ್, ರಿನೇಮ್‌ಆಟ್2 ಮೂರನ್ನೂ ಹೆಸರಿಸಲು ಮರೆಯಬೇಡಿ.

ಇನ್ನು ವಿಡಿಯೊ ವಿಚಾರ. ಫ್ಯಾಟ್32ನಲ್ಲಿ ಒಂದು ಫೈಲ್ 4,294,967,295 ಬೈಟ್‌ಗಳನ್ನು ಮೀರುವಂತಿಲ್ಲ. ಮಿತಿ ಬಂದಾಗ ‘ರೈಟ್’ ಕರೆ ಕೇಳಿದ್ದಕ್ಕಿಂತ ಕಡಿಮೆ ಬರೆದು, ಮುಂದಿನ ಕರೆಯಲ್ಲಿ ದೋಷ ಕೊಡುತ್ತದೆ. ನಿಮ್ಮ ಲೂಪ್ ‘ರೈಟ್’ ಹಿಂತಿರುಗಿಸಿದ ಮೌಲ್ಯವನ್ನು ನೋಡದೆ ಅಳಿಸುವ ಹಂತಕ್ಕೆ ಹೋಗಿರಬೇಕು. ಇದನ್ನು ಪರೀಕ್ಷಿಸಲು 5 ಜಿಬಿ ಬೇಕಾಗಿಲ್ಲ: 1 ಎಂಬಿ ಮಿತಿಯ ಟೆಂಪ್‌ಎಫ್‌ಎಸ್ ಮೌಂಟ್ ಮಾಡಿ, 2 ಎಂಬಿ ಫೈಲನ್ನು ಅಲ್ಲಿಗೆ ಸಾಗಿಸಿ. ದೋಷದ ಸಂಖ್ಯೆ ಬೇರೆಯಾದರೂ ನಿಮ್ಮ ಕೋಡ್ ಹಿಡಿಯುವ ದಾರಿ ಅದೇ. ಆಗ ಎಗ್ಸಿಟ್ ಕೋಡ್ ಸೊನ್ನೆಯಾಗಿರಬಾರದು, ಮೂಲದ ಒಂದು ಬೈಟೂ ಬದಲಾಗಿರಬಾರದು, ಗುರಿಯಲ್ಲಿ ಅರ್ಧ ಫೈಲ್ ಉಳಿದಿರಬಾರದು. ನನ್ನ ಮಟ್ಟಿಗೆ, ಉಳಿದೆಲ್ಲ ಟೆಸ್ಟ್‌ಗಳಿಗಿಂತ ಈ ಒಂದು ಟೆಸ್ಟ್ ದೊಡ್ಡದು.

ಗುರಿಯ ಡೈರೆಕ್ಟರಿಯಲ್ಲೇ ತಾತ್ಕಾಲಿಕ ಹೆಸರಿನಲ್ಲಿ ಬರೆದು, ‘ಎಫ್‌ಸಿಂಕ್’ (ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸುವ ಕರೆ) ಮತ್ತು ‘ಕ್ಲೋಸ್’ ಎರಡೂ ಯಶಸ್ವಿಯಾದವೇ ಎಂದು ನೋಡಿ, ಅಂತಿಮ ಹೆಸರಿಗೆ ರಿನೇಮ್ ಮಾಡಿ, ಆ ಬಳಿಕವೇ ಮೂಲವನ್ನು ಅಳಿಸುವುದು ಸುರಕ್ಷಿತ ಕ್ರಮ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎರಡೂ ಡೈರೆಕ್ಟರಿಗಳ ಸಂಖ್ಯೆ ಒಂದೇ ಇತ್ತು. 1 ಎಂಬಿ ಟೆಸ್ಟ್ ಮೊದಲ ಬಾರಿಗೇ ಫೇಲಾಯಿತು. ರೈಟ್ ಲೂಪ್ ತಿದ್ದಿದ ಮೇಲೆ ಮೂಲ ಹಾಗೆಯೇ ಉಳಿಯುತ್ತಿದೆ. ಆದರೆ ಫ್ಯಾಟ್ ಇಮೇಜಿನ ಮೇಲೆ ಓಡಿಸಿದಾಗ ಮಾರ್ಪಾಡಿನ ಸಮಯ ಹೊಂದುತ್ತಿಲ್ಲ, ಸಿಂಬಾಲಿಕ್ ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಇದ್ದ ಫೋಲ್ಡರ್ ಅರ್ಧಕ್ಕೇ ನಿಲ್ಲುತ್ತಿದೆ.

ಉತ್ತರ:
ಫ್ಯಾಟ್ ಮಾರ್ಪಾಡಿನ ಸಮಯವನ್ನು 2 ಸೆಕೆಂಡುಗಳ ಲೆಕ್ಕದಲ್ಲಿ ಮಾತ್ರ ದಾಖಲಿಸುತ್ತದೆ. ಆದ್ದರಿಂದ ಆ ಟೆಸ್ಟ್‌ನಲ್ಲಿ ಅಷ್ಟು ವ್ಯತ್ಯಾಸಕ್ಕೆ ಅವಕಾಶ ಕೊಡಿ, ಬೇರೆ ಕಡೆ ಕೊಡಬೇಡಿ. ಸಿಂಬಾಲಿಕ್ ಲಿಂಕ್‌ಗೆ ಅಲ್ಲಿ ಜಾಗವೇ ಇಲ್ಲ. ಲಿಂಕ್ ತೋರಿಸುವ ಫೈಲನ್ನು ಸದ್ದಿಲ್ಲದೆ ಕಾಪಿ ಮಾಡುವ ಬದಲು, ಯಾವ ಲಿಂಕ್ ಉಳಿಯಿತೆಂದು ಹೆಸರು ಸಹಿತ ತಿಳಿಸಿ, ಅದನ್ನು ಮೂಲದಲ್ಲೇ ಬಿಟ್ಟು, ಮಿಕ್ಕ ಫೈಲುಗಳನ್ನು ಸಾಗಿಸಿ, ಕೊನೆಗೆ ಸೊನ್ನೆಯಲ್ಲದ ಎಗ್ಸಿಟ್ ಕೋಡ್ ಕೊಡಿ.