‘ಲುಕಿಂಗ್ ಫಾರ್ವರ್ಡ್ ಟು’ ಆದ ಮೇಲೆ ‘ಮೀಟ್’ ಸರಿಯೋ, ‘ಮೀಟಿಂಗ್’ ಸರಿಯೋ?

ಬೀದರಿನಲ್ಲಿ ಪದವಿ ಮುಗಿಸಿದ ಕೆಲವು ಮಕ್ಕಳು ತಮ್ಮ ಇಂಗ್ಲಿಷ್ ಅರ್ಜಿಗಳನ್ನು ಕಳಿಸುವ ಮುನ್ನ ನನಗೆ ತೋರಿಸುತ್ತಾರೆ. ಬಹುಪಾಲು ಅರ್ಜಿಗಳು ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಮುಗಿದಿರುತ್ತವೆ. ನಾನು ‘ಮೀಟ್’ ಎಂಬುದನ್ನು ‘ಮೀಟಿಂಗ್’ ಎಂದು ತಿದ್ದಿದಾಗ, ‘ಟು’ ಬಂದರೆ ಕ್ರಿಯಾಪದದ ಮೂಲರೂಪವೇ ಬರಬೇಕೆಂದು ಶಾಲೆಯಲ್ಲಿ ಕಲಿಸಿದ್ದಾರಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನ್ಯಾಯವಾದ ಪ್ರಶ್ನೆ.

ಇಂಗ್ಲಿಷಿನ ‘ಟು’ ಎರಡು ಬಗೆಯದು. ‘ಐ ಹೋಪ್ ಟು ಮೀಟ್ ಯು’ ಎಂಬಲ್ಲಿ ಅದು ನಮ್ಮ ‘ಭೇಟಿಯಾಗಲು’ ಎಂಬುದರ ‘ಅಲು’ ಪ್ರತ್ಯಯದಂತೆ ಕ್ರಿಯಾಪದಕ್ಕೆ ಸೇರಿದ್ದು. ‘ಲುಕಿಂಗ್ ಫಾರ್ವರ್ಡ್ ಟು’ ಎಂಬಲ್ಲಿ ಅದು ನಾಮಪದವನ್ನು ಬಯಸುವ ಪ್ರಿಪೊಸಿಷನ್. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಎನ್ನಬಹುದು, ‘ಐ ಹೋಪ್ ಟು ಯುವರ್ ರಿಪ್ಲೈ’ ಎನ್ನಲಾಗದು. ನಾಮಪದ ಕೂಡುವ ಆ ಜಾಗಕ್ಕೆ ಕ್ರಿಯೆಯನ್ನು ತರಬೇಕಾದರೆ ಅದೂ ‘ಮೀಟಿಂಗ್’, ‘ಹಿಯರಿಂಗ್’ ಎಂದು ನಾಮರೂಪ ತಾಳಬೇಕು.

ಇದನ್ನು ಮಕ್ಕಳಿಗೆ ಮನಗಾಣಿಸಲು ನಮ್ಮ ಭಾಗದ ‘ಹಾದಿ ನೋಡು’ ಎಂಬ ನುಡಿಗಟ್ಟೇ ಸಾಕು. ‘ಮಳಿ ಹಾದಿ ನೋಡ್ಲಾಕತ್ತೀವಿ’, ‘ನೀವು ಬರೋ ಹಾದಿ ನೋಡ್ಲಾಕತ್ತೀವಿ’ ಎನ್ನುತ್ತೇವೆಯೇ ಹೊರತು ‘ಬರಲಿಕ್ಕೆ ಹಾದಿ ನೋಡ್ಲಾಕತ್ತೀವಿ’ ಎಂದು ಯಾರೂ ಅನ್ನುವುದಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಜಿಲ್ಲೆಯಲ್ಲಿ ಉರ್ದು, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಮರಾಠಿಯ ‘ವಾಟ ಪಾಹಣೆ’, ಉರ್ದುವಿನ ‘ರಾಹ ದೇಖನಾ’ ಎರಡೂ ಹಾದಿಯನ್ನೇ ನೋಡುತ್ತವೆ. ಉರ್ದುವಿನ ‘ಆಪ್ ಕೇ ಆನೇ ಕೀ ರಾಹ’ ಎಂಬುದರಲ್ಲಿ ‘ಬರುವಿಕೆ’ ಸ್ಪಷ್ಟವಾಗಿ ನಾಮಪದವಾಗಿಯೇ ನಿಂತಿದೆ.

ಈ ಇಂಗ್ಲಿಷ್ ನುಡಿಗಟ್ಟಿನಲ್ಲಿ ಸಂತೋಷದ ನಿರೀಕ್ಷೆ ಅಡಗಿದೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ದೂರಿನ ಪತ್ರದ ಕೊನೆಗೆ ಇದಕ್ಕಿಂತ ‘ಐ ಅವೇಟ್ ಯುವರ್ ರಿಪ್ಲೈ’ ಎಂಬುದೇ ತಕ್ಕದ್ದು.

ಈಗ ನನ್ನ ಸಂದೇಹ ಕನ್ನಡದ್ದು. ‘ತಮ್ಮನ್ನು ಭೇಟಿಯಾಗಲು ಎದುರು ನೋಡುತ್ತಿದ್ದೇವೆ’ ಎಂಬ ಬರವಣಿಗೆ ಆಮಂತ್ರಣಗಳಲ್ಲಿ ಕಾಣುತ್ತಿದೆ. ‘ಎದುರು ನೋಡು’ ಎಂಬುದು ದ್ವಿತೀಯಾ ವಿಭಕ್ತಿಯನ್ನು ಬಯಸುವುದರಿಂದ ‘ತಮ್ಮ ಭೇಟಿಯನ್ನು’ ಎನ್ನುವುದೇ ಸರಿಯೆಂದು ನನ್ನ ಎಣಿಕೆ. ‘ಅಲು’ ರೂಪದೊಡನೆ ‘ಎದುರು ನೋಡು’ ಬಂದಿರುವ ಹಳೆಯ ಕನ್ನಡ ಪ್ರಯೋಗಗಳನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ತಿಳಿಸಬೇಕು.